ಕೊಲೆಯ ಕಥೆಯಲ್ಲಿ ಹಳೆಯ ಬೆಂಗಳೂರು



ಪತ್ತೇದಾರಿ ಕಾದಂಬರಿ ಹಿಡಿದರೆ ಕೊನೆಯ ಪುಟವನ್ನೇ ಮೊದಲು ತೆರೆಯುವ ಚಪಲ ಹಲವರಿಗುಂಟು. ಹಾಗೆ ಮಾಡಿದರೂ ರುಚಿ ಕೆಡದ ಕಥೆಗಳಿವೆ. ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ಇಂದು ಕುಳಿತು ಚಿತ್ರಿಸುವ ಸರಣಿಗಳು ಅಂಥವು. ಹರಿಣಿ ನಾಗೇಂದ್ರ ಇಂಗ್ಲಿಷಿನಲ್ಲಿ ಬರೆದ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' (2022) ಅಂಥದೊಂದು ಸರಣಿಯ ಮೊದಲ ಪುಸ್ತಕ.

ಕಥೆಯ ಕಾಲ 1921. ಆಗ ಬೆಂಗಳೂರೆಂದರೆ ಎರಡು ಊರು. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರ ಆಡಳಿತದ್ದು. ನಾಯಕಿ ಕಾವೇರಿ ಹೊಸದಾಗಿ ಸಂಸಾರ ಹೂಡಿದ ವೈದ್ಯರ ಹೆಂಡತಿ. ಗಣಿತವೆಂದರೆ ಅವಳಿಗೆ ಪ್ರಾಣ. ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಒಂದು ಕೊಲೆಯಾಗುತ್ತದೆ. ಅನುಮಾನದ ಸುಳಿಗೆ ಸಿಕ್ಕುವವಳು ದಿಕ್ಕಿಲ್ಲದ ಒಬ್ಬ ಹೆಣ್ಣು. ಅವಳನ್ನು ಉಳಿಸಲೆಂದೇ ಕಾವೇರಿ ಸುಳಿವು ಹುಡುಕಲು ಹೊರಡುತ್ತಾಳೆ.

ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ಬಂದದ್ದು 1920ರಲ್ಲಿ. ಆಕೆಗೆ ಅದು ತನ್ನದೇ ಕಾಲ. ಸುತ್ತಲಿನ ಬದುಕನ್ನು ವಿವರಿಸುವ ಅಗತ್ಯವಿರಲಿಲ್ಲ. ಇಂದಿನ ಲೇಖಕಿ ಆ ಕಾಲವನ್ನು ಹುಡುಕಿ ತರಬೇಕು. ಹರಿಣಿ ಬೆಂಗಳೂರಿನ ಕೆರೆ, ಮರಗಳ ಚರಿತ್ರೆಯನ್ನು ಅಧ್ಯಯನ ಮಾಡಿದ ಪರಿಸರ ವಿಜ್ಞಾನಿ. ಆ ತಿಳಿವಳಿಕೆ ಕಥೆಗೆ ನೆಲ ಒದಗಿಸಿದೆ.

ಪೊಲೀಸರೆದುರು ಬಾಯಿ ಬಿಡದ ಹೆಂಗಸರು ಇನ್ನೊಬ್ಬ ಹೆಂಗಸಿನ ಬಳಿ ಮನಸ್ಸು ತೆರೆಯಬಹುದು. ಕಾವೇರಿಯ ಬಲ ಇದೇ. ಇಂಥ ಮಾತು ದಫ್ತರಗಳಲ್ಲಿ ದಾಖಲಾಗುವುದು ಅಪರೂಪ. ಅವು ಕಲ್ಪನೆಯಲ್ಲಾದರೂ ನಮ್ಮ ಕಿವಿಗೆ ಬೀಳುತ್ತವಲ್ಲ, ಈ ಸರಣಿಯ ನಿಜವಾದ ಸುಖ ಅಲ್ಲಿದೆ. ಕೊಲೆಗಾರನ ಹೆಸರು ಮರೆತರೂ ಆ ಊರು ನೆನಪಿನಲ್ಲಿ ಉಳಿಯುತ್ತದೆ.