ಗ್ರಂಥಿ ಹೋದ ಮೇಲಿನ ಗುಳಿಗೆ



ನಮ್ಮ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ಗಳಗಂಡ, ಅರ್ಬುದ ಮೊದಲಾದ ಕಾರಣಗಳಿಂದ ಅದನ್ನು ಶಸ್ತ್ರಕ್ರಿಯೆ ಮಾಡಿ ತೆಗೆಯಬೇಕಾಗುವುದುಂಟು. ಹೀಗೆ ಗ್ರಂಥಿಯನ್ನು ಪೂರ್ತಿಯಾಗಿ ಕಳೆದುಕೊಂಡವರು ಕ್ರಮೇಣ ಜಡರಾಗುವರೆಂಬುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಕೋಖರ್ 1883ರಲ್ಲಿ ಲೋಕಕ್ಕೆ ತಿಳಿಸಿದರು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಮರ್ರೆ, ಗ್ರಂಥಿ ಸೊರಗಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬಾಳಿದರು.

ಇಂದು ಆ ಸಾರದ ಸ್ಥಾನದಲ್ಲಿ ಥೈರಾಕ್ಸಿನ್ ಗುಳಿಗೆಯಿದೆ. ಇದು ವಾಸಿಯಾದೊಡನೆ ಬಿಡುವ ಔಷಧವಲ್ಲ. ದೇಹವು ತಾನೇ ತಯಾರಿಸುತ್ತಿದ್ದುದನ್ನು ದಿನದಿನವೂ ತುಂಬಿಕೊಡುವ ವಸ್ತು. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಆದುದರಿಂದ ಗುಳಿಗೆ ಬಿಟ್ಟ ಮರುದಿನವೇ ಕೇಡು ಕಾಣಿಸದು. ಆಯಾಸ, ಚಳಿ, ಮರೆವು ನಿಧಾನವಾಗಿ ಆವರಿಸುವುವು. ಪ್ರಮಾಣ ಬದಲಿಸಿದ 6ರಿಂದ 8 ವಾರಗಳ ಅನಂತರವೇ ರಕ್ತಪರೀಕ್ಷೆ ಮಾಡಿಸುವುದೂ ಇದೇ ಕಾರಣದಿಂದ.

ಥೈರಾಕ್ಸಿನ್ ಸಾಲದಿದ್ದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ರಸವನ್ನು ಹೆಚ್ಚಾಗಿ ಸುರಿಸುತ್ತದೆ; ಮಿತಿಮೀರಿದರೆ ತಗ್ಗಿಸುತ್ತದೆ. ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ಅರ್ಬುದವಿದ್ದ ಕೆಲವರಲ್ಲಿ ವೈದ್ಯರು ಇದನ್ನು ಬೇಕೆಂದೇ ತಗ್ಗಿಸಿಡುವುದುಂಟು. ನೆರೆಯವರ ಅಂಕಿಯೊಡನೆ ನಮ್ಮದನ್ನು ಹೋಲಿಸಬಾರದು. ಗರ್ಭಿಣಿಯರಿಗೆ ಹೆಚ್ಚು ಪ್ರಮಾಣ ಬೇಕಾಗುವುದರಿಂದ ಅವರು ಒಡನೆಯೇ ವೈದ್ಯರನ್ನು ಕಾಣಬೇಕು.

ಗುಳಿಗೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕಾಫಿ ತಿಂಡಿಗಳನ್ನು ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕಬ್ಬಿಣ, ಸುಣ್ಣಾಂಶಗಳ ಮಾತ್ರೆಗಳಿಗೆ 4 ಗಂಟೆಗಳ ಅಂತರವಿರಲಿ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಇಂತಹ ಹಿರಿಯರಿದ್ದರೆ ಪರೀಕ್ಷೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿಡಿರಿ. ನಾವು ಕಲಿತ ಅಕ್ಷರ ಮನೆಯವರ ಆರೋಗ್ಯಕ್ಕೂ ಒದಗಲಿ.