ಗೋಲ್ ಬಿದ್ದಾಗ ಕಣ್ಣಿನ ಪಾಪೆ ಏನು ಮಾಡುತ್ತದೆ?

ಕಾರುಗಳೇ ಫುಟ್‌ಬಾಲ್ ಆಡುವ ರಾಕೆಟ್ ಲೀಗ್ ಆಟವನ್ನು ನಿಮ್ಮಲ್ಲಿ ಅನೇಕರು ಆಡಿರುತ್ತೀರಿ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಸಯಾನಿಕ್ಸ್ ಕಂಪನಿ 2015ರ ಜುಲೈನಲ್ಲಿ ಅದನ್ನು ಹೊರತಂದಿತು. ಚೆಂಡು ಗೋಲಿನೊಳಗೆ ಹೋದದ್ದೇ ತಡ, ಢಮ್ಮೆಂದು ಸಿಡಿಯುತ್ತದೆ. ಹತ್ತಿರವಿದ್ದ ಕಾರುಗಳು ಎಗರಿ ಬೀಳುತ್ತವೆ, ಪರದೆ ಝಗ್ಗನೆ ಬೆಳಗುತ್ತದೆ. ಬಹಳ ಮಕ್ಕಳಿಗೆ ಅದೇ ಮಜಾ. ಕೆಲವರಿಗೆ ಮಾತ್ರ ಆ ಬೆಳಕಿನಿಂದ ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ. ಅಂಥವರಿಗೆಂದೇ ಆಟದ ಸೆಟ್ಟಿಂಗ್ಸ್‌ನಲ್ಲಿ ‘ಎಫೆಕ್ಟ್ ಇಂಟೆನ್ಸಿಟಿ’ ಎಂಬ ಒಂದು ಸಾಲಿದೆ. ಅದನ್ನು ‘ಲೋ’ ಮಾಡಿದರೆ ಸಿಡಿತದ ಅಬ್ಬರ ಇಳಿಯುತ್ತದೆ. ಗೋಲ್ ಮಾತ್ರ ಗೋಲೇ, ಅಂಕಕ್ಕೇನೂ ಕುಂದಿಲ್ಲ.

ಬೆಳಕು ಜಾಸ್ತಿಯಾದರೆ ಕಣ್ಣು ತಾನೇ ಹೊಂದಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಇವತ್ತು ಸಂಜೆ ಒಂದು ಪ್ರಯೋಗ ಮಾಡಿ. ಕೋಣೆಯ ದೀಪ ಆರಿಸಿ, ಕಿಟಕಿಯ ಮಂದ ಬೆಳಕಿನಲ್ಲಿ ಎರಡು ನಿಮಿಷ ಕನ್ನಡಿಯ ಮುಂದೆ ನಿಲ್ಲಿ. ಆಮೇಲೆ ದೀಪ ಹಾಕಿ, ಕನ್ನಡಿಯಲ್ಲಿ ನಿಮ್ಮ ಕಣ್ಣನ್ನೇ ನೋಡಿ. ನಡುವಿನ ಕಪ್ಪು ಬೊಟ್ಟು ಇದ್ದಕ್ಕಿದ್ದಂತೆ ಚಿಕ್ಕದಾಗುವುದು ಕಾಣುತ್ತದೆ. ಅದೇ ಪಾಪೆ, ಕಣ್ಣಿನೊಳಕ್ಕೆ ಬೆಳಕು ಹೋಗುವ ದಾರಿ. ಕತ್ತಲಲ್ಲಿ ಅದು ಸುಮಾರು 8 ಮಿಲಿಮೀಟರ್ ಅಗಲಕ್ಕೆ ತೆರೆದುಕೊಳ್ಳಬಲ್ಲದು, ಪ್ರಖರ ಬೆಳಕಿನಲ್ಲಿ 2 ಮಿಲಿಮೀಟರ್‌ಗೆ ಇಳಿಯಬಲ್ಲದು. ಅಗಲ ನಾಲ್ಕು ಪಟ್ಟು ಕಡಿಮೆಯಾದರೆ ವಿಸ್ತೀರ್ಣ ಹದಿನಾರು ಪಟ್ಟು ಕಡಿಮೆ. ಅಂದರೆ ಒಳಕ್ಕೆ ಹೋಗುವ ಬೆಳಕನ್ನು ಪಾಪೆಯೊಂದೇ ಹದಿನಾರರಲ್ಲಿ ಒಂದು ಪಾಲಿಗೆ ತಗ್ಗಿಸಬಲ್ಲದು.

ಈಗ ಸಣ್ಣದೊಂದು ಲೆಕ್ಕ. ಬೆಳಕು ಬಿದ್ದ ಮೇಲೆ ಪಾಪೆ ಕುಗ್ಗಲು ಶುರುವಾಗುವುದಕ್ಕೇ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಸಾಮಾನ್ಯವಾಗಿ ಆಟದ ಪರದೆಯಲ್ಲಿ ಒಂದು ಸೆಕೆಂಡಿಗೆ 60 ಚಿತ್ರಗಳು ಬಂದು ಹೋಗುತ್ತವೆ. ಹಾಗಾದರೆ ಪಾಪೆ ಅಲುಗುವಷ್ಟರಲ್ಲಿ 12 ಚಿತ್ರಗಳು ಮುಗಿದಿರುತ್ತವೆ. ಮಿಂಚು ಐದೇ ಚಿತ್ರಗಳಷ್ಟು ಹೊತ್ತು ಇದ್ದರೆ? ಪಾಪೆ ಕೆಲಸ ಶುರು ಮಾಡುವ ಮೊದಲೇ ಬೆಳಕೆಲ್ಲ ಒಳಗೆ ಹೋಗಿ ಆಗಿರುತ್ತದೆ. ದೀಪ ಆರಿಸಿದ ಕೋಣೆಯಲ್ಲಿ ಆಡುತ್ತಿದ್ದರಂತೂ ಪಾಪೆ ಅಗಲವಾಗಿ ತೆರೆದೇ ಇರುತ್ತದೆ. ಅದಕ್ಕೇ ಮಧ್ಯಾಹ್ನ ಅಂಗಳದಲ್ಲಿ ನಿಂತಾಗ ಕಷ್ಟವೆನಿಸದ ಕಣ್ಣಿಗೆ, ಅದಕ್ಕಿಂತ ಎಷ್ಟೋ ಮಂದವಾದ ಪರದೆ ಕತ್ತಲಲ್ಲಿ ಚುಚ್ಚಿದಂತಾಗುತ್ತದೆ. ಬೆಳಕು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ, ಎಷ್ಟು ದೊಡ್ಡ ಜಿಗಿತದಲ್ಲಿ ಬದಲಾಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಕಣ್ಣು ಕಂಡದ್ದು ತಲೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗಕ್ಕೆ ತಲುಪುತ್ತದೆ. ಅಲ್ಲಿನ ನರಕೋಶಗಳು ಶಾಲೆಯ ಆಟದ ಬಯಲಿನಲ್ಲಿರುವ ಮಕ್ಕಳಂತೆ, ಒಬ್ಬೊಬ್ಬರದು ಒಂದೊಂದು ಮಾತು. ಬೆಳಕು ಒಂದೇ ತಾಳದಲ್ಲಿ ಪಟಪಟನೆ ಮಿಂಚತೊಡಗಿದರೆ ಅವೆಲ್ಲ ಅದೇ ತಾಳಕ್ಕೆ ಒಟ್ಟಿಗೆ ಸದ್ದು ಮಾಡಲು ತೊಡಗುತ್ತವೆ. ಬಹುತೇಕರ ಮಿದುಳು ಇದನ್ನು ತಾನೇ ತಡೆದುಕೊಳ್ಳುತ್ತದೆ. ಸುಮಾರು 4,000 ಜನರಲ್ಲಿ ಒಬ್ಬರ ಮಿದುಳಿಗೆ ಅದು ಸಾಧ್ಯವಾಗದೆ ಫಿಟ್ಸ್ ಬರಬಹುದು. ಫಿಟ್ಸ್ ಇರುವವರಿಗೆಲ್ಲ ಮಿಂಚಿನಿಂದ ತೊಂದರೆ ಎಂದುಕೊಳ್ಳಬೇಡಿ, ಅವರಲ್ಲಿ ನೂರಕ್ಕೆ ಮೂವರಿಗಷ್ಟೇ ಹೀಗಾಗುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ. ಸೆಕೆಂಡಿಗೆ 15ರಿಂದ 20 ಸಲ ಮಿಂಚುವ ಬೆಳಕು ಎಲ್ಲಕ್ಕಿಂತ ಕೆಟ್ಟದ್ದು. ಕಡುಗೆಂಪು ಬೆಳಕಾದರೆ ಅಪಾಯ ಇನ್ನೂ ಹೆಚ್ಚು.

ಇದು ಜಗತ್ತಿಗೆಲ್ಲ ಮನವರಿಕೆಯಾದದ್ದು 1997ರ ಡಿಸೆಂಬರ್ 16ರಂದು. ಆ ಸಂಜೆ ಜಪಾನಿನ ಟೀವಿಯಲ್ಲಿ ಬಂದ ಪೋಕೆಮಾನ್ ಕಂತಿನ ಒಂದು ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಅದಲುಬದಲಾಯಿತು. ಅದು ಇದ್ದದ್ದು ಕೆಲವೇ ಸೆಕೆಂಡು. ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಬಹುತೇಕರು ಬೇಗ ಚೇತರಿಸಿಕೊಂಡರು. ಆ ಧಾರಾವಾಹಿಯನ್ನು ನಾಲ್ಕು ತಿಂಗಳು ನಿಲ್ಲಿಸಲಾಯಿತು.

ಇಂಥ ಅಪಾಯ ತಪ್ಪಿಸಲು ವೆಬ್‌ಪುಟಗಳಿಗೆಂದು 2008ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮವೊಂದಿದೆ: ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದು. ಮಿಂಚುವ ಜಾಗ ಚಿಕ್ಕದಿದ್ದರೆ ವಿನಾಯಿತಿ ಉಂಟು. ಚಿಕ್ಕದು ಎಂದರೆ, ನಮ್ಮ ನೋಟದ 10 ಡಿಗ್ರಿ ಅಗಲದ ಒಂದು ತುಣುಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಹತ್ತು ಡಿಗ್ರಿ ಎಷ್ಟು ಎಂದು ತಿಳಿಯಲು ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲವೇ ಸುಮಾರು ಹತ್ತು ಡಿಗ್ರಿ. ಅದೇ ಮುಷ್ಟಿಯನ್ನು ಟೀವಿಯ ಎದುರು ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ನೋಡಿ. ಹತ್ತಿರ ನಿಂತಾಗ ಪರದೆಯ ಒಂದು ಮೂಲೆಯಷ್ಟೇ ಮರೆಯಾಗುತ್ತದೆ. ಹಿಂದೆ ಹಿಂದೆ ಸರಿದಂತೆ ಅದೇ ಮುಷ್ಟಿ ಪರದೆಯ ಎಷ್ಟೋ ಭಾಗವನ್ನು ಮುಚ್ಚುತ್ತದೆ. ಅಂದರೆ ದೂರ ಸರಿದಷ್ಟೂ ಮಿಂಚುವ ಜಾಗ ನಮ್ಮ ನೋಟದಲ್ಲಿ ಚಿಕ್ಕದಾಗುತ್ತದೆ. ‘ಟೀವಿಯಿಂದ ದೂರ ಕೂತ್ಕೊ’ ಎಂದು ಅಮ್ಮ ಹೇಳುವ ಮಾತಿನ ಹಿಂದಿನ ಲೆಕ್ಕ ಇದೇ.

ಬೆಳಕು ತಗ್ಗಿಸಿದರೆ ಆಟ ಸಪ್ಪೆಯಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಉದಾಹರಣೆ ನೋಡಿ. ಲಾಸ್ ಏಂಜಲಿಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಇನ್ಫಿನಿಟಿ ವಾರ್ಡ್ ಎಂಬ ಕಂಪನಿಯಿದೆ. ಅವರ 2022ರ ಕಾಲ್ ಆಫ್ ಡ್ಯೂಟಿ ಆಟ 17 ತುಂಬಿದವರಿಗೆ, ನಿಮಗಲ್ಲ. ಆದರೆ ಅದರಲ್ಲಿರುವ ಒಂದು ಉಪಾಯ ನೀವು ತಿಳಿಯಬೇಕಾದದ್ದು. ಎದುರಾಳಿ ಎಸೆದ ಬೆಳಕಿನ ಬಾಂಬಿಗೆ ಆಟಗಾರನ ಕಣ್ಣು ಕೋರೈಸಿ ಕೆಲ ಹೊತ್ತು ಏನೂ ಕಾಣಬಾರದು, ಅದು ಆಟದ ನಿಯಮ. ಅದಕ್ಕಾಗಿ ಪರದೆ ಬೆಳ್ಳಗಾಗುತ್ತಿತ್ತು. ಈ ಆಟದಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಪರದೆ ಬೆಳ್ಳಗಾಗುವ ಬದಲು ಕಪ್ಪಾಗುತ್ತದೆ. ಆಗಲೂ ಏನೂ ಕಾಣುವುದಿಲ್ಲ, ನಿಯಮಕ್ಕೆ ಭಂಗವಿಲ್ಲ. ಕಣ್ಣಿಗೆ ಮಾತ್ರ ಏಟಿಲ್ಲ. ಎಷ್ಟು ಸರಳ, ಎಷ್ಟು ಜಾಣತನದ ಕೆಲಸ!

ಉತ್ತರ ಕ್ಯಾಲಿಫೋರ್ನಿಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2023ರ ಡಿಸೆಂಬರ್‌ನಲ್ಲಿ ಐರಿಸ್ ಎಂಬ ಸಾಫ್ಟ್‌ವೇರನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಆಟದ ವಿಡಿಯೊ ಹಾಕಿದರೆ ಅದು ಒಂದೊಂದೇ ಚಿತ್ರವನ್ನು ಪರೀಕ್ಷಿಸಿ, ಎಲ್ಲಿ ಮಿಂಚು ಮಿತಿ ಮೀರಿದೆ, ಎಲ್ಲಿ ಕೆಂಪು ಹೆಚ್ಚಾಗಿದೆ ಎಂದು ತೋರಿಸುತ್ತದೆ. ದೊಡ್ಡ ಕಂಪನಿಗಳಷ್ಟೇ ಅಲ್ಲ, ಮನೆಯಲ್ಲಿ ಕೂತು ಆಟ ಬರೆಯುವವರೂ ಅದನ್ನು ಬಳಸಬಹುದು. ನಾಳೆ ನಿಮ್ಮಲ್ಲೇ ಯಾರಾದರೂ ಆಟ ತಯಾರಿಸುವವರಾದರೆ ಮಿಂಚು ತಗ್ಗಿಸುವ ಸಾಲನ್ನು ಹತ್ತು ಮೆನುಗಳ ಹಿಂದೆ ಬಚ್ಚಿಡಬೇಡಿ. ಮೊದಲ ಪರದೆಯಲ್ಲೇ ಕೇಳಿಬಿಡಿ. ಆಟ ಶುರುವಾಗುವಾಗ ಎಚ್ಚರಿಕೆಯ ನಾಲ್ಕು ಸಾಲು ತೋರಿಸಿ ಕೈತೊಳೆದುಕೊಂಡರೆ ಸಾಲದು.

ಸ್ಯಾನ್ ಡಿಯಾಗೋದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೂ ಧಾರವಾಡದ ಮಕ್ಕಳಿಗೂ ಆಟ ಒಂದೇ, ಕಣ್ಣೂ ಒಂದೇ. ಕೋಣೆಯಲ್ಲಿ ದೀಪ ಉರಿಯುತ್ತಿರಲಿ. ರಾತ್ರಿ ಬ್ರೈಟ್‌ನೆಸ್ ಇಳಿಸಿ. ಸೆಟ್ಟಿಂಗ್ಸ್‌ನಲ್ಲಿ ಫ್ಲ್ಯಾಶ್, ಎಫೆಕ್ಟ್ ಎಂಬ ಪದಗಳನ್ನು ಹುಡುಕಿ, ಕಡಿಮೆ ಮಾಡಿ. ಆಡುವಾಗ ಪರದೆ ಪಟಪಟನೆ ಮಿಂಚಿ ತಲೆ ಸುತ್ತಿದಂತಾದರೆ ಎರಡೂ ಕಣ್ಣು ಮುಚ್ಚಿಕೊಂಡರೆ ಸಾಲದು, ರೆಪ್ಪೆಯೊಳಗಿಂದಲೂ ಬೆಳಕು ಕೆಂಪಾಗಿ ಹೋಗುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ಆಚೆ ತಿರುಗಿಸಿ, ತಕ್ಷಣ ಮನೆಯ ದೊಡ್ಡವರಿಗೆ ಹೇಳಿ. ಅವರು ನಿಮ್ಮನ್ನು ಡಾಕ್ಟರಿಗೆ ತೋರಿಸಲಿ.