ಆಟಗಾರನ ಹೊಣೆ: ‘ಫಾಲ್‌ಔಟ್: ನ್ಯೂ ವೇಗಸ್’ನ ಗುಣದೋಷ



ನಾಟಕ, ಕಾದಂಬರಿ, ಸಿನಿಮಾಗಳನ್ನು ಚರ್ಚಿಸುವ ವೇದಿಕೆಯಲ್ಲಿ ವಿಡಿಯೋ ಗೇಮಿಗೂ ಜಾಗ ಕೊಟ್ಟಿದ್ದೀರಿ. ಅದಕ್ಕೆ ನಾನು ಕೃತಜ್ಞ. ಇಂದು ನಾನು ಆಯ್ದುಕೊಂಡಿರುವುದು ಅಮೆರಿಕದ ಅಬ್ಸಿಡಿಯನ್ ಸಂಸ್ಥೆ ರೂಪಿಸಿ, ಜೋಶ್ ಸಾಯರ್ ನಿರ್ದೇಶಿಸಿ, 2010ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಫಾಲ್‌ಔಟ್: ನ್ಯೂ ವೇಗಸ್’.

ಕಥೆ ನಡೆಯುವುದು 2281ರಲ್ಲಿ. ಅಣುಯುದ್ಧವಾಗಿ ಎರಡು ಶತಮಾನ ಕಳೆದಿವೆ. ಮೊಹಾವೆ ಮರುಭೂಮಿಯಲ್ಲಿ ಅಳಿದುಳಿದವರು ಊರು ಕಟ್ಟಿಕೊಂಡಿದ್ದಾರೆ. ಕೊಲರಾಡೊ ನದಿಯ ಹೂವರ್ ಅಣೆಕಟ್ಟು ಇನ್ನೂ ವಿದ್ಯುತ್ತು ಕೊಡುತ್ತಿದೆ. ಅದರ ಮೇಲೆ ಮೂವರ ಕಣ್ಣು: ಪ್ರಜಾಪ್ರಭುತ್ವದ ಹೆಸರಿನಲ್ಲಿ ಗಡಿ ವಿಸ್ತರಿಸುವ ನ್ಯೂ ಕ್ಯಾಲಿಫೋರ್ನಿಯಾ ಗಣರಾಜ್ಯ, ಗುಲಾಮಗಿರಿಯ ಮೇಲೆ ನಿಂತ ಸೀಸರನ ಲೀಜನ್, ವೇಗಸ್ಸನ್ನು ಒಬ್ಬನೇ ಆಳುವ ಮಿಸ್ಟರ್ ಹೌಸ್. ತಲೆಗೆ ಗುಂಡು ಬಿದ್ದರೂ ಬದುಕಿದ ಕೊರಿಯರ್ ಆಗಿ ನಾವು ಇವರ ನಡುವೆ ಕಾಲಿಡುತ್ತೇವೆ.

ಈ ಆಟದ ದೊಡ್ಡ ಗುಣ, ನಮ್ಮ ಪ್ರತಿಯೊಂದು ಆಯ್ಕೆಗೂ ಅದು ಲೆಕ್ಕ ಕೇಳುವುದು. ಮೊದಲ ಹಳ್ಳಿ ಗುಡ್‌ಸ್ಪ್ರಿಂಗ್ಸ್ ಅನ್ನೇ ನೋಡಿ. ದರೋಡೆಕೋರರು ಊರ ಮೇಲೆ ಬೀಳಲಿದ್ದಾರೆ. ಮಾತು ಬಲ್ಲವರು ಊರವರನ್ನು ಹುರಿದುಂಬಿಸಬಹುದು, ವ್ಯಾಪಾರ ಬಲ್ಲವರು ಅಂಗಡಿಯವನಿಂದ ಸಾಮಗ್ರಿ ಕೊಡಿಸಬಹುದು, ಸ್ಫೋಟಕ ಬಲ್ಲವರು ಮುದುಕ ಪೀಟನಿಂದ ಡೈನಮೈಟ್ ಪಡೆಯಬಹುದು. ದರೋಡೆಕೋರರ ಜತೆ ಸೇರಲೂಬಹುದು. ಆಗ, ನಮ್ಮ ಪ್ರಾಣ ಉಳಿಸಿದ ಊರೇ ನಮಗೆ ಶತ್ರು. ಹಿಂದಿನ ‘ಫಾಲ್‌ಔಟ್ 3’ರಲ್ಲಿ ಮಾತಿನ ಗೆಲುವು ಅದೃಷ್ಟಕ್ಕೆ ಬಿಟ್ಟದ್ದು. ಇಲ್ಲಿ ಬೇಕಾದಷ್ಟು ಪರಿಣತಿ ಇದ್ದರೆ ಗೆಲುವು ಖಚಿತ, ಇಲ್ಲದಿದ್ದರೆ ಸೋಲು. ಕೊನೆಯಲ್ಲಿ ಎದುರಾಗುವ ಲೀಜನ್ ಸೇನಾನಿ ಲೇನಿಯಸ್‌ನನ್ನೂ ಗುಂಡು ಹಾರಿಸದೆ, ವಾದದಿಂದಲೇ ಹಿಂದೆ ಕಳಿಸಬಹುದು. ಯುದ್ಧದ ಆಟವೊಂದು ಮಾತಿಗೆ ಇಷ್ಟು ಬೆಲೆ ಕೊಟ್ಟದ್ದು ಸಣ್ಣ ಸಾಧನೆಯಲ್ಲ.

ದೋಷಗಳೂ ಚಿಕ್ಕವಲ್ಲ. ಸುಮಾರು ಹದಿನೆಂಟು ತಿಂಗಳಲ್ಲಿ, ಹಳೆಯ ಎಂಜಿನ್ನಿನ ಮೇಲೆ ಕಟ್ಟಿದ ಆಟ ಬಿಡುಗಡೆಯಾದಾಗ ಪದೇ ಪದೇ ನಿಂತುಹೋಗುತ್ತಿತ್ತು. ಬಯಲಿನ ಎಷ್ಟೋ ಗುಡ್ಡಗಳನ್ನು ಹತ್ತಲು ಹೋದರೆ ಕಾಣದ ಗೋಡೆ ತಡೆಯುತ್ತದೆ. ಲೀಜನ್ ನೆಲದಲ್ಲಿ ವ್ಯಾಪಾರಿಗಳಿಗೆ ಭಯವಿಲ್ಲವೆಂದು ಪಾತ್ರಗಳು ಹೇಳುತ್ತವೆ, ಆದರೆ ನದಿಯ ಆಚೆಯ ಆ ನಾಡಿನ ಜನಜೀವನವನ್ನು ಆಟ ತೋರಿಸುವುದೇ ಇಲ್ಲ. ಹೀಗಾಗಿ ಮೂರು ಪಕ್ಷಗಳ ವಾದದಲ್ಲಿ ಒಂದು ಪಕ್ಷದ ಮಾತು ಅರ್ಧಕ್ಕೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಮುಕ್ತಾಯದ್ದು. ಅಣೆಕಟ್ಟಿನ ಕದನ ಮುಗಿದರೆ ಆಟವೂ ಮುಗಿಯಿತು. ಯಾವ ಊರಿಗೆ ಏನಾಯಿತೆಂದು ಚಿತ್ರಗಳ ಮೇಲಿನ ನಿರೂಪಣೆ ತಿಳಿಸುತ್ತದೆ. ನಾವು ಮಾಡಿದ್ದರ ಫಲ ಉಂಡ ಜನರ ನಡುವೆ ಮತ್ತೆ ನಡೆದಾಡಲು ಅವಕಾಶವಿಲ್ಲ.

ಆದರೂ ನನ್ನ ತೀರ್ಮಾನ ಸ್ಪಷ್ಟ. ತಾಂತ್ರಿಕ ದೋಷಗಳನ್ನು ಆಮೇಲೆ ಬಹುಮಟ್ಟಿಗೆ ತಿದ್ದಬಹುದು, ತಿದ್ದಿದ್ದಾರೆ ಕೂಡ. ಆಟಗಾರನನ್ನು ಹೊಣೆಗಾರನನ್ನಾಗಿ ಮಾಡುವ ಬರವಣಿಗೆಯನ್ನು ಆಮೇಲೆ ತಂದು ಸೇರಿಸಲಾಗದು. ತೆರೆದ ಜಗತ್ತಿನ ಆಟವನ್ನು ಅಳೆಯುವಾಗ ನಕಾಶೆಯ ವಿಸ್ತಾರ ನೋಡಿ ಮರುಳಾಗಬೇಡಿ. ಅಲ್ಲಿ ನಾವು ಮಾಡಿದ್ದನ್ನು ಆ ಜಗತ್ತು ನೆನಪಿಟ್ಟುಕೊಳ್ಳುತ್ತದೆಯೇ ಎಂದು ಕೇಳಿ. ನಮ್ಮ ವಿಮರ್ಶಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಕೋರಿಕೆ.